ಕೇಸ್ ಮಾಡೂದೋ, ಹೆದರಿಸಿ ಕಳಿಸೂದೋ?

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಯಾವ ಹಳ್ಳಿ ಠಾಣೆಯ ಬಾಗಿಲಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: "ಕೇಸ್ ಗೀಸ್ ಬ್ಯಾಡ್ರಿ ಸಾಹೇಬ್ರ, ಕರೆಸಿ ಒಂದೀಟು ಹೆದರಿಸ್ರಿ, ಸಾಕು." ಹೊಲದ ಬದು ಒತ್ತಿದ ಅಣ್ಣತಮ್ಮ, ಕುಡಿದು ಬೈದ ಪಕ್ಕದ ಮನೆಯವ, ಮೋಟರ್ ಕೇಬಲ್ ಕತ್ತರಿಸಿದನೆಂದು ಗುಮಾನಿ ಇರುವ ಹುಡುಗ, ಎಲ್ಲರಿಗೂ ಒಂದೇ ಮದ್ದು. ದೂರು ತಂದವನಿಗೇ ಕೇಸ್ ಬೇಡ. ಕೋರ್ಟಿಗೆ ಓಡಾಡಿದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ವಕೀಲರ ಫೀಸು. ಮೇಲಾಗಿ ನಾಳೆ ಅದೇ ಮನುಷ್ಯನ ಹೊಲ ದಾಟಿಯೇ ತನ್ನ ಹೊಲಕ್ಕೆ ಹೋಗಬೇಕು. ಪೊಲೀಸರ ವಿವೇಚನೆ ಎಂದರೆ ಪೊಲೀಸರೇ ಬಾಚಿಕೊಂಡ ಅಧಿಕಾರ ಎಂದು ತಿಳಿಯುವುದು ಅರ್ಧ ಸತ್ಯ. ಉಳಿದರ್ಧವನ್ನು ಊರೇ ಅವರ ಕೈಗಿಟ್ಟಿರುತ್ತದೆ.

ಆದರೆ ಕಾನೂನು ಆ ವಿವೇಚನೆಗೆ ಜಾಗ ಕೊಟ್ಟಿರುವುದು ಬೇರೆ ಕಡೆ. ದೂರು ಬರೆದುಕೊಳ್ಳಬೇಕೋ ಬೇಡವೋ ಎನ್ನುವಲ್ಲಿ ಪಿಎಸ್‌ಐಗೆ ಹೆಚ್ಚು ಆಯ್ಕೆ ಇಲ್ಲ. ಬರೆದ ಮೇಲೆ ಯಾರನ್ನು ಹಿಡಿಯಬೇಕು, ಯಾರಿಗೆ ನೋಟಿಸ್ ಸಾಕು, ಯಾವುದನ್ನು ತಹಶೀಲ್ದಾರರ ಮುಂದೆ ಕಳಿಸಬೇಕು, ಯಾವ ರಾತ್ರಿ ಯಾವ ಕಾಲುವೆ ಏರಿಯ ಮೇಲೆ ಜೀಪು ನಿಲ್ಲಬೇಕು, ಇವುಗಳಲ್ಲಿ ಬೇಕಾದಷ್ಟಿದೆ. ಎಡವಟ್ಟಾಗುವುದು ಇದು ತಿರುಗುಮುರುಗಾದಾಗ. ಬರೆಯುವ ಹೊತ್ತಿನಲ್ಲಿ ವಿವೇಚನೆ ತೋರಿಸಿ, ಬರೆದ ಮೇಲೆ ಗಾಣದ ಎತ್ತಿನ ಹಾಗೆ ಒಂದೇ ಸುತ್ತು ಸುತ್ತುವ ಠಾಣೆಗಳೇ ಹೆಚ್ಚು.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಠಾಣೆಯಲ್ಲಿ ಇವು ಬಿಎನ್‌ಎಸ್, ಬಿಎನ್‌ಎಸ್‌ಎಸ್. 323, 324, 379 ಎಂದು ಬಾಯಿಪಾಠ ಮಾಡಿಕೊಂಡ ಹಳೆಯ ರೈಟರ್‌ಗಳಿಗೆ ಇನ್ನೂ ಎರಡೂ ನಂಬರ್ ಜೊತೆಯಲ್ಲೇ ನೆನಪಿಗೆ ಬರುತ್ತವೆ. ಬಿಎನ್‌ಎಸ್‌ಎಸ್ ಕಲಂ 173ರ ಪ್ರಕಾರ ಸಂಜ್ಞೇಯ ಅಪರಾಧದ, ಅಂದರೆ ಕೋರ್ಟಿನ ಆದೇಶವಿಲ್ಲದೆಯೇ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದರೆ, ಅದು ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಬರೆದುಕೊಳ್ಳಲೇಬೇಕು. "ಅದು ಕಾರಟಗಿ ಹದ್ದು, ಅಲ್ಲಿಗೆ ಹೋಗ್ರಿ" ಎನ್ನುವಂತಿಲ್ಲ. ಸೊನ್ನೆ ನಂಬರಿನ ಎಫ್‌ಐಆರ್ ಮಾಡಿ ಆ ಠಾಣೆಗೆ ಕಳಿಸಬೇಕು. ಮೊಬೈಲಿನಿಂದ ಕಳಿಸಿದ ದೂರಾದರೆ ಕೊಟ್ಟವರು 3 ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಸಂಜ್ಞೇಯ ಅಪರಾಧ ಎಂದು ಕಂಡಮೇಲೆ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತ್ತು.

ಹೊಸ ಕಾನೂನು ಒಂದು ಸಂದು ಬಿಟ್ಟಿದೆ. 3 ವರ್ಷದಿಂದ ಮೇಲೆ, 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿಯ ಮುಂಚಿತ ಅನುಮತಿ ಪಡೆದು, ಮೇಲ್ನೋಟಕ್ಕೆ ಪ್ರಕರಣ ಇದೆಯೋ ಇಲ್ಲವೋ ಎಂದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಸಾದಾ ಕಳ್ಳತನದ ಗರಿಷ್ಠ ಶಿಕ್ಷೆ 3 ವರ್ಷ, ಹಾಗಾಗಿ ಅದೂ ಈ ಸಂದಿನೊಳಗೆ ಬರುತ್ತದೆ. ಫೋನಿನಲ್ಲಿ "ಆಯ್ತು, ನೋಡ್ರಿ" ಎಂದದ್ದನ್ನು ಅನುಮತಿ ಎಂದುಕೊಳ್ಳಬಾರದು. ಅದು ಬರಹದಲ್ಲಿ, ತಾರೀಖಿನೊಂದಿಗೆ, ಠಾಣಾ ದಿನಚರಿಯಲ್ಲಿ ಇರಬೇಕು. ಹಣದ ವ್ಯವಹಾರ, ಪಾಲುದಾರಿಕೆ, ಬೀಜ ಗೊಬ್ಬರದ ಸಾಲದಂಥ ದೂರುಗಳಿಗೆ ಈ 14 ದಿನ ನಿಜಕ್ಕೂ ಬೇಕು. ಕಳ್ಳತನಕ್ಕೆ ಬಳಸಿದರೆ ಮಾತ್ರ ಕಳ್ಳನಿಗೇ ಅನುಕೂಲ. ಯಾಕೆಂದು ಕುರಿಯ ಲೆಕ್ಕದಲ್ಲಿ ನೋಡಿದರೆ ತಿಳಿಯುತ್ತದೆ.

ಕುರಿ ಕಳ್ಳತನ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಒಣ ಬೇಸಾಯದ ಪಟ್ಟಿಯಲ್ಲಿ ಸಣ್ಣ ಅಪರಾಧವಲ್ಲ. ಹಟ್ಟಿಯಿಂದ ಹತ್ತು ಕುರಿ ಹೋದರೆ ಒಂದು ಸಂಸಾರದ ವರ್ಷದ ಉಳಿತಾಯ ಹೋದಂತೆ. ರಾತ್ರಿ ಹಟ್ಟಿಯ ಬಲೆ ಕತ್ತರಿಸಿ, ಕುರಿಗಳ ಬಾಯಿ ಕಟ್ಟಿ, ಹಿಂದಿನ ಸೀಟು ಕಿತ್ತ ಕಾರಿನಲ್ಲೋ ಗೂಡ್ಸ್ ಆಟೋದಲ್ಲೋ ತುಂಬಿಕೊಂಡು ಬೆಳಗಾಗುವುದರೊಳಗೆ ಇನ್ನೊಂದು ಜಿಲ್ಲೆಯ ಸಂತೆಗೆ ಮುಟ್ಟಿಸುತ್ತಾರೆ. ಕೂಕನಪಳ್ಳಿ, ಅಮೀನಗಡದಂಥ ದೊಡ್ಡ ಸಂತೆಗಳಲ್ಲಿ ನಸುಕಿನ ವ್ಯಾಪಾರ ಮುಗಿದರೆ ಕುರಿ ಮತ್ತೆ ಸಿಗುವುದು ದುಸ್ತರ. ಆದ್ದರಿಂದ ಮೊದಲ ಕೆಲಸ ಸ್ಥಳ ಪಂಚನಾಮೆಯಲ್ಲ, ಫೋನು: ಹತ್ತಿರದ ಸಂತೆಗಳ ಹದ್ದಿನ ಠಾಣೆಗಳಿಗೆ, ಹಿಟ್ನಾಳ ಮತ್ತು ವಣಗೇರಿ ಟೋಲ್‌ಗಳಿಗೆ, ದಾರಿಯ ಪೆಟ್ರೋಲ್ ಬಂಕುಗಳಿಗೆ. ಅಂಗಡಿ, ಬಂಕುಗಳ ಸಿಸಿ ಕ್ಯಾಮೆರಾದ ಡಿಸ್ಕ್ ಒಂದೆರಡು ವಾರದಲ್ಲಿ ತನ್ನ ಮೇಲೆ ತಾನೇ ಬರೆದುಕೊಂಡು ಹಳೆಯದನ್ನು ಅಳಿಸಿಬಿಡುವುದು ಸಾಮಾನ್ಯ. 14 ದಿನದ ಪ್ರಾಥಮಿಕ ವಿಚಾರಣೆ ಮುಗಿಸಿ ಎಫ್‌ಐಆರ್ ಮಾಡಿ ಕ್ಯಾಮೆರಾ ಕೇಳಲು ಹೋದರೆ ಅಲ್ಲಿ ನಿನ್ನೆಯ ಎಮ್ಮೆ ಕಾಣುತ್ತದೆ, ಹೋದ ವಾರದ ಕಾರು ಕಾಣುವುದಿಲ್ಲ. ದೃಶ್ಯ ಸಿಕ್ಕರೂ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬಂದರೆ ಕೋರ್ಟಿನಲ್ಲಿ ನಿಲ್ಲದು. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ, ಕಡತವನ್ನು ತಿದ್ದಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯದ ಸಮೇತ, ಆಗಲೇ ಮಾಡಿಸಬೇಕು.

ದೂರು ಬರೆಯುವಾಗಿನ ಎರಡು ವಿವರಗಳ ಮೇಲೆ ಇಡೀ ಪ್ರಕರಣ ನಿಲ್ಲುತ್ತದೆ. ಒಂದು ಗುರುತು. "ಕೆಂಗುರಿ, 8" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ರಾಯಚೂರು, ಕೊಪ್ಪಳದ ತಳಿಯೇ ಕೆಂಗುರಿ, ಎಲ್ಲವೂ ಕೆಂಪೇ. ಯಾವ ಕಿವಿಗೆ ಯಾವ ತರಹದ ಗೀರು, ಬೆನ್ನ ಮೇಲೋ ಚಪ್ಪೆಯ ಮೇಲೋ ಹಚ್ಚಿದ ಬಣ್ಣ, ಕೊಂಬು ಮುರಿದ ಟಗರು, ಕುಂಟು, ಗಬ್ಬದ ಕುರಿ ಎಷ್ಟು, ಹಾಲು ಕುಡಿಯುವ ಮರಿಯನ್ನು ಹಟ್ಟಿಯಲ್ಲೇ ಬಿಟ್ಟುಹೋದ ತಾಯಿ ಎಷ್ಟು, ಇದನ್ನು ಕುರುಬ ಬಾಯಿಬಿಟ್ಟು ಹೇಳುವುದಿಲ್ಲ, ಕೇಳಬೇಕು. ಮುಂದೆ ಕುರಿ ಸಿಕ್ಕಾಗ ಮರಿಯನ್ನು ಎದುರು ಬಿಟ್ಟು, ತಾಯಿ ಮರಿ ಕೂಡಿಕೊಂಡದ್ದನ್ನು ಪಂಚರ ಮುಂದೆ ವಿಡಿಯೊ ಮಾಡಿ ಮಹಜರಿನಲ್ಲಿ ಬರೆದರೆ ಅದಕ್ಕಿಂತ ಗಟ್ಟಿ ಗುರುತು ಇನ್ನೊಂದಿಲ್ಲ.

ಇನ್ನೊಂದು ಕಿಮ್ಮತ್ತು. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನಕ್ಕೆ, ಮೊದಲ ಸಲ ತಪ್ಪಿತಸ್ಥನಾಗಿ ಮಾಲು ಮರಳಿಸಿದವನಿಗೆ, ಸಮುದಾಯ ಸೇವೆಯ ಶಿಕ್ಷೆ. ಆ ಭಾಗವನ್ನು ಅಸಂಜ್ಞೇಯ ಪಟ್ಟಿಗೆ ಸೇರಿಸಲಾಗಿದೆ. ಹಾಗಾಗಿ ದೂರಿನಲ್ಲಿ "ಅಂದಾಜು ಕಿಮ್ಮತ್ತು" ಎಂಬ ಜಾಗದಲ್ಲಿ 4,900 ಎಂದು ಬರೆಸುವ ಆಸೆ ಹುಟ್ಟುತ್ತದೆ. ಕೇಸಿನ ಲೆಕ್ಕ ಕಡಿಮೆಯಾಗುತ್ತದೆ, ಪತ್ತೆಯಾಗದ ಪ್ರಕರಣದ ತಲೆನೋವೂ ತಪ್ಪುತ್ತದೆ. ಆದರೆ ಕಳ್ಳ ಯಾರೆಂದೇ ಗೊತ್ತಿಲ್ಲದ ಹೊತ್ತಿನಲ್ಲಿ ಅವನಿಗೆ ಇದು ಮೊದಲ ಸಲವೋ ಹತ್ತನೆಯದೋ ಎಂದು ರೈಟರ್‌ಗೆ ಹೇಗೆ ಗೊತ್ತು? ನನ್ನ ಪ್ರಕಾರ ಕಳ್ಳ ಅಪರಿಚಿತನಾಗಿರುವ ತನಕ ಈ ರಿಯಾಯಿತಿಯನ್ನು ನೆನಪಿಸಿಕೊಳ್ಳುವ ಅಗತ್ಯವೇ ಇಲ್ಲ. ಆ ವಾರದ ಸಂತೆಯ ಧಾರಣೆ ಕೇಳಿ, ಇದ್ದ ಬೆಲೆ ಬರೆದರಾಯಿತು. ಜಾಗವೂ ಕಲಂ ಬದಲಿಸುತ್ತದೆ. ಬಯಲಿನ ಬಲೆಹಟ್ಟಿಯಿಂದ ಕದ್ದರೆ ಬಿಎನ್‌ಎಸ್ 303(2). ಮನೆಗೆ ಹೊಂದಿದ ಕೊಟ್ಟಿಗೆಯಿಂದಲೋ, ಮಾಲು ಕಾಯ್ದಿಡುವ ಕಟ್ಟಡದಿಂದಲೋ ಕದ್ದರೆ 305, ಅದಕ್ಕೆ 7 ವರ್ಷ. ಆಗ 14 ದಿನದ ಸಂದೇ ಇಲ್ಲ.

ಕುರಿ ಸಿಕ್ಕ ಮೇಲೆ ಇನ್ನೊಂದು ಯಡವಟ್ಟು ಕಾದಿರುತ್ತದೆ. ಜೀವಂತ ಮಾಲನ್ನು ಠಾಣೆಯ ಅಂಗಳದಲ್ಲಿ ಕಟ್ಟಲಾಗದು. ಮೇವು ಯಾರು ತರಬೇಕು, ಸತ್ತರೆ ಯಾರು ಹೊಣೆ? ಅದಕ್ಕೇ "ತಗೊಂಡ್ ಹೋಗ್ರಿ, ಕರೆದಾಗ ತರ್ರಿ" ಎಂದು ಮಾಲೀಕನಿಗೆ ಕೊಟ್ಟುಬಿಡುತ್ತಾರೆ. ಮನಸ್ಸೇನೋ ಒಳ್ಳೆಯದೇ. ಆದರೆ ಜಪ್ತಿ ಪಂಚನಾಮೆ, ಪಿಎಫ್ (ಜಪ್ತಿ ಮಾಲಿನ ಪಟ್ಟಿ) ನಂಬರ್, ಒಂದೊಂದರ ಫೋಟೊ ಇಲ್ಲದೆ ಕೊಟ್ಟರೆ ಕೋರ್ಟಿನಲ್ಲಿ ಮಾಲೇ ಸಿಕ್ಕಿಲ್ಲ ಎಂದಾಗುತ್ತದೆ. ಜಪ್ತಿಯನ್ನು ವಿಡಿಯೊ ಮಾಡುವುದನ್ನು ಬಿಎನ್‌ಎಸ್‌ಎಸ್ ಕಲಂ 105 ಈಗ ಕಡ್ಡಾಯ ಮಾಡಿದೆ. ಅದು ಮುಗಿದ ದಿನವೇ ಜೆಎಂಎಫ್‌ಸಿ ಕೋರ್ಟಿಗೆ ವರದಿ ಹಾಕಿ, ಮುಚ್ಚಳಿಕೆಯ ಮೇಲೆ ಮಾಲೀಕನ ವಶಕ್ಕೆ ಕೊಡಿಸಿಕೊಳ್ಳಬಹುದು. ಕುರುಬನಿಗೆ ಒಂದು ದಿನ ತಡವಾಗುತ್ತದೆ, ಪ್ರಕರಣ ಉಳಿಯುತ್ತದೆ.

ಕೇಬಲ್, ಮೋಟರ್ ಕಳ್ಳತನದ ಗುಟ್ಟು ಕರೆಂಟಿನ ವೇಳಾಪಟ್ಟಿಯಲ್ಲಿದೆ. ಪಂಪ್‌ಸೆಟ್‌ಗೆ ಮೂರು ಫೇಸ್ ಕರೆಂಟು ಬರುವುದು ದಿನಕ್ಕೆ 7 ತಾಸು. ತಂತಿಯಲ್ಲಿ ಕರೆಂಟು ಇಲ್ಲದ ಹೊತ್ತೇ ಕಳ್ಳನ ಹೊತ್ತು. ಯಾವ ಫೀಡರಿಗೆ ಯಾವಾಗ ಸರಬರಾಜು ಎಂಬ, ವಿದ್ಯುತ್ ಕಂಪನಿ ಜೆಸ್ಕಾಂನ ಪಟ್ಟಿಯನ್ನು ಬೀಟ್ ಪುಸ್ತಕದ ಮೊದಲ ಹಾಳೆಗೆ ಅಂಟಿಸಿಕೊಂಡ ಪೇದೆ, ಸುಮ್ಮನೆ ರಾತ್ರಿ ಹನ್ನೆರಡಕ್ಕೆ ಊರ ಅಗಸಿಯಲ್ಲಿ ಸಹಿ ಹಾಕಿ ಬರುವ ಪೇದೆಗಿಂತ ಹತ್ತು ಪಟ್ಟು ಕೆಲಸಕ್ಕೆ ಬರುತ್ತಾನೆ. ಕದ್ದ ಕೇಬಲ್ಲಿನ ರಬ್ಬರ್ ಸುಟ್ಟು ತಾಮ್ರ ತೆಗೆಯುತ್ತಾರೆ. ಹಳ್ಳದ ದಂಡೆಯಲ್ಲಿ ಕಪ್ಪು ಬೂದಿ, ಸುಟ್ಟ ರಬ್ಬರ್ ವಾಸನೆ ಇದ್ದರೆ ಅದೇ ಸ್ಥಳ ಪಂಚನಾಮೆಯ ಎರಡನೇ ಜಾಗ. ತಾಮ್ರ ಹೋಗುವುದು ಗುಜರಿಗೆ. ಕದ್ದ ಮಾಲೆಂದು ತಿಳಿದೂ ಕೊಂಡವನ ಮೇಲೆ 317(2) ಹಾಕದೆ, ಕೇಬಲ್ ಕತ್ತರಿಸಿದ ಹದಿನೆಂಟರ ಹುಡುಗನೊಬ್ಬನನ್ನೇ ಒಳಗೆ ಕಳಿಸಿದರೆ ಮುಂದಿನ ತಿಂಗಳು ಇನ್ನೊಬ್ಬ ಹುಡುಗ ಹುಟ್ಟಿಕೊಳ್ಳುತ್ತಾನೆ. ಊರಿನವರ ಬಾಯಲ್ಲಿ ಟಿಸಿ ಎನಿಸಿಕೊಂಡಿರುವ ಟ್ರಾನ್ಸ್‌ಫಾರ್ಮರಿನ ಎಣ್ಣೆ, ತಾಮ್ರ ಹೋದಾಗ "ಅದು ಜೆಸ್ಕಾಂದು, ಸೆಕ್ಷನ್ ಆಫೀಸರ್ ಬರ್ಲಿ" ಎಂದು ರೈತನನ್ನು ವಾಪಸು ಕಳಿಸುವ ರೂಢಿಯಿದೆ. ಇದು ತಪ್ಪು. ಸಂಜ್ಞೇಯ ಅಪರಾಧದ ಮಾಹಿತಿ ಯಾರು ಬೇಕಾದರೂ ಕೊಡಬಹುದು. ವಿದ್ಯುತ್ ಕಾಯ್ದೆ 2003ರ ಕಲಂ 136 ಸೇರಿಸಿ ಬರೆದುಕೊಂಡು, ಮಾಲಿನ ಕಿಮ್ಮತ್ತಿನ ಪತ್ರವನ್ನು ಆಮೇಲೆ ಜೆಸ್ಕಾಂನಿಂದ ತರಿಸಿಕೊಂಡರಾಯಿತು.

ಹಿಡಿಯಬೇಕೋ ನೋಟಿಸ್ ಕೊಡಬೇಕೋ ಎಂಬಲ್ಲಿ ಮಾತ್ರ ನಿಜವಾದ ವಿವೇಚನೆ ಬೇಕು. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಅನಿವಾರ್ಯ ಎಂದು ಕಾರಣ ಬರೆಯಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ಆ ಕಾರಣಗಳ ಪಟ್ಟಿ ಇಲ್ಲದೆ ರಿಮಾಂಡ್ ಕೇಳಿದರೆ ಮ್ಯಾಜಿಸ್ಟ್ರೇಟರು ಪ್ರಶ್ನೆ ಕೇಳುತ್ತಾರೆ. ಕಾರಣವಿಲ್ಲದಿದ್ದರೆ ಬಿಎನ್‌ಎಸ್‌ಎಸ್ ಕಲಂ 35(3)ರ ಹಾಜರಾತಿ ನೋಟಿಸ್. 60 ದಾಟಿದವರೋ ಅಶಕ್ತರೋ ಆದರೆ, 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಡಿವೈಎಸ್‌ಪಿ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ. ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಮ್ಮ ಕಡೆ ಇದರ ಕಷ್ಟ ಬೇರೆ. ಸುಗ್ಗಿ ಮುಗಿದರೆ ಅರ್ಧ ಊರು ಗುಳೆ ಹೋಗಿರುತ್ತದೆ. ಆರೋಪಿ ಬೆಂಗಳೂರಿನ ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ ಸೆಂಟ್ರಿಂಗ್ ಕಟ್ಟುತ್ತಿರುತ್ತಾನೆ, ಮನೆಯಲ್ಲಿ ಅಜ್ಜಿ ಮತ್ತು ಆಡು. ಆಗ "ತಲೆಮರೆಸಿಕೊಂಡಿದ್ದಾನೆ" ಎಂದು ಬರೆದು ಬಂಧನದ ಕಾರಣ ಮಾಡಿಕೊಳ್ಳುವುದು ಸುಲಭ, ಸರಿಯಲ್ಲ. ಗುಳೆ ಹೋದದ್ದಕ್ಕೂ ಓಡಿಹೋದದ್ದಕ್ಕೂ ವ್ಯತ್ಯಾಸವನ್ನು ಮೇಸ್ತ್ರಿಯ ಫೋನ್ ನಂಬರ್ ಹೇಳುತ್ತದೆ. ಅದನ್ನು ಬೀಟ್ ಪೇದೆ ಒಂದೇ ತಾಸಿನಲ್ಲಿ ತರಬಲ್ಲ.

ಇನ್ನು ಕಾಲುವೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್. ಮೇಲಿನವರು ಭತ್ತ ಹಚ್ಚಿ ನೀರು ಹಿಡಿದರೆ ಮಾನ್ವಿ, ರಾಯಚೂರಿನ ಕೊನೆ ಭಾಗದವರಿಗೆ ಗಾಳಿ. ಕೊನೆ ಭಾಗದ ರೈತರು 69ನೇ ಮೈಲು, 104ನೇ ಮೈಲು ಎಂದು ಗೇಜ್ (ನೀರಿನ ಮಟ್ಟದ ಅಳತೆ) ಲೆಕ್ಕದಲ್ಲೇ ಜಗಳ ಆಡುತ್ತಾರೆ. ಕಾಲುವೆಗೆ ಪೈಪ್ ಇಳಿಬಿಟ್ಟು ಮೋಟರಿನಿಂದ ಎತ್ತುವುದು, ಏರಿಯ ಕೆಳಗೆ ಪೈಪ್ ಹೂಳುವುದು, ರಾತ್ರಿ ತೂಬಿನ ಗೇಟ್ ಎತ್ತುವುದು, ಇವೆಲ್ಲ ಬಿಎನ್‌ಎಸ್ 326(ಎ) ಪ್ರಕಾರ 5 ವರ್ಷದವರೆಗೆ ಶಿಕ್ಷೆಯ ಅಪರಾಧ. ಕರ್ನಾಟಕ ನೀರಾವರಿ ಕಾಯ್ದೆ 1965ರ ಕೆಳಗೂ ಬರುತ್ತದೆ. ಕಾನೂನು ಇಷ್ಟು ಖಡಕ್ ಇದ್ದರೂ ಇಲ್ಲಿ ಎಫ್‌ಐಆರ್ ಒಂದರಿಂದಲೇ ಕೆಲಸ ಆಗದು. ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ನೀರು ತಪ್ಪಿದರೆ ಆರೋಪಪಟ್ಟಿ ಬರುವುದರೊಳಗೆ ಕಾಳು ಜೊಳ್ಳಾಗಿರುತ್ತದೆ.

ಆದ್ದರಿಂದ ಅನುಭವಿ ಠಾಣಾಧಿಕಾರಿ ಮೊದಲು ನೀರು ಇಳಿಸುತ್ತಾನೆ, ಆಮೇಲೆ ಕಾಗದ. ಇದರರ್ಥ ಕಾಗದ ಬೇಡ ಎಂದಲ್ಲ. ಕ್ರಮ ಹೀಗಿರುತ್ತದೆ: ನೀರಾವರಿ ಇಲಾಖೆಯ ಜೆಇ ಮತ್ತು ಗ್ಯಾಂಗ್‌ಮನ್ ಜೊತೆಗಿದ್ದು ಆ ಹೊತ್ತಿನ ಗೇಜ್ ಓದು ಬರೆದುಕೊಳ್ಳುವುದು, ಪೈಪಿನ ಅಗಲ, ಮೋಟರಿನ ಎಚ್‌ಪಿ, ಯಾವ ಸರ್ವೆ ನಂಬರಿಗೆ ನೀರು ಹೋಗುತ್ತಿತ್ತು ಎಂದು ಜಾಗದಲ್ಲೇ ಫೋಟೊ ಸಮೇತ ದಾಖಲಿಸುವುದು, ಪೈಪ್ ತೆಗೆಸಿ ಎರಡು ತಾಸಿನ ನಂತರ ಕೆಳಗಿನ ಗೇಜ್ ಮತ್ತೆ ಓದುವುದು. ಈ ಎರಡು ಓದುಗಳ ವ್ಯತ್ಯಾಸವೇ ಹಾನಿಯ ಪುರಾವೆ. ಅದಿಲ್ಲದೆ "ಅಕ್ರಮವಾಗಿ ನೀರು ಎತ್ತುತ್ತಿದ್ದರು" ಎಂದು ಬರೆದ ಪ್ರಕರಣಗಳು ಸಾಕ್ಷಿ ಕಟಕಟೆಯಲ್ಲಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಎರಡನೇ ಸಲ ಅದೇ ಸರ್ವೆ ನಂಬರಿನಲ್ಲಿ ಪೈಪ್ ಸಿಕ್ಕರೆ ಮೋಟರ್ ಜಪ್ತಿ, ಆಗ ದಯೆ ಬೇಡ. ದೊಡ್ಡ ಜಮೀನ್ದಾರನ ಹತ್ತು ಎಚ್‌ಪಿ ಮೋಟರ್ ಬಿಟ್ಟು ಎರಡೆಕರೆಯವನ ಡೀಸೆಲ್ ಎಂಜಿನ್ ಹೊತ್ತು ತಂದರೆ ಊರು ಅದನ್ನು ಹತ್ತು ವರ್ಷ ಮರೆಯುವುದಿಲ್ಲ.

ನೀರಿನ ಗಲಾಟೆ ಜೋರಾದಾಗ ಕಾಲುವೆಯುದ್ದಕ್ಕೂ ಬಿಎನ್‌ಎಸ್‌ಎಸ್ ಕಲಂ 163ರ ನಿಷೇಧಾಜ್ಞೆ ಹಾಕುತ್ತಾರೆ, ಜನ ಇನ್ನೂ 144 ಎನ್ನುವುದು. ಅದರ ಆಯುಷ್ಯ ಸಾಮಾನ್ಯವಾಗಿ 2 ತಿಂಗಳು. ಆಜ್ಞೆ ಮೀರಿದ್ದಕ್ಕೆ ಬಿಎನ್‌ಎಸ್ 223 ಹಾಕಿ ಪೊಲೀಸರೇ ಆರೋಪಪಟ್ಟಿ ಸಲ್ಲಿಸುವುದು ಬಹಳ ಕಡೆ ಆಗುವ ತಪ್ಪು. ಆಜ್ಞೆ ಹೊರಡಿಸಿದ ಅಧಿಕಾರಿಯೋ ಅವರ ಮೇಲಿನವರೋ ಬರಹದಲ್ಲಿ ಕೋರ್ಟಿಗೆ ದೂರು ಕೊಡದೆ ಆ ಅಪರಾಧವನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ, ಬಿಎನ್‌ಎಸ್‌ಎಸ್ ಕಲಂ 215 ಹಾಗೆಂದಿದೆ. ತಹಶೀಲ್ದಾರರ ದೂರಿನ ಪ್ರತಿ ಹಚ್ಚದ ಕಾರಣಕ್ಕೇ ಬಿದ್ದುಹೋಗುವ ಪ್ರಕರಣಗಳಿವು. ಯಾರ ಹೊಲಕ್ಕೆ ಯಾವ ದಾರಿ, ಯಾವ ನೀರು ಎಂಬ ಹಕ್ಕಿನ ತಕರಾರಾದರೆ ಬಿಎನ್‌ಎಸ್‌ಎಸ್ ಕಲಂ 166ರಲ್ಲಿ ತಹಶೀಲ್ದಾರರ ಮುಂದೆ ಕಳಿಸಬೇಕು. ಬದುವಿನ ಜಗಳಕ್ಕೆ ಸರ್ವೆಯವರಿಂದ ಗಡಿ ಅಳೆಸುವ ಹದ್ದುಬಸ್ತಿನ ಅರ್ಜಿ ಹಾಕಿಸಬೇಕು. ಪಿಎಸ್‌ಐ ಹೊಲದಲ್ಲಿ ನಿಂತು "ಇಲ್ಲಿಂದ ಇಲ್ಲಿಗೆ ನಿಂದು" ಎಂದು ಗೆರೆ ಎಳೆದರೆ ಮರುದಿನವೇ ಅವರೂ ಒಂದು ಪಾರ್ಟಿ ಆಗಿಬಿಡುತ್ತಾರೆ.

ಹೊಡೆದಾಟದ ದೂರುಗಳಲ್ಲಿ ವಿವೇಚನೆ ಇರುವುದು ರೈಟರಿನ ಪೆನ್ನಿನ ತುದಿಯಲ್ಲಿ. ಬರೀ ಕೈಯಿಂದ ಹೊಡೆದ, ಬೈದ, ಬೆದರಿಕೆ ಹಾಕಿದ ಎಂದರೆ ಬಿಎನ್‌ಎಸ್ 115(2), 352, 351(2). ಮೂರೂ ಅಸಂಜ್ಞೇಯ, ಎನ್‌ಸಿ ಪುಸ್ತಕಕ್ಕೆ ಹೋಗುತ್ತವೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಇಲ್ಲ. ಅದೇ ದೂರಿನಲ್ಲಿ "ಅಡ್ಡಗಟ್ಟಿ ತಡೆದು ನಿಲ್ಲಿಸಿ" ಎಂಬ ಮೂರು ಪದ ಸೇರಿದರೆ 126(2) ಬರುತ್ತದೆ, ಅದು ಸಂಜ್ಞೇಯ. ಒಂದು ಸಂಜ್ಞೇಯ ಕಲಂ ಇದ್ದರೆ ಇಡೀ ಪ್ರಕರಣ ಸಂಜ್ಞೇಯ. ಉತ್ತರ ಕರ್ನಾಟಕದ ಎಫ್‌ಐಆರ್‌ಗಳಲ್ಲಿ ಎಲ್ಲರೂ ಎಲ್ಲರನ್ನೂ ಅಡ್ಡಗಟ್ಟಿ ತಡೆದು ನಿಲ್ಲಿಸಿಯೇ ಹೊಡೆದಿರುತ್ತಾರಲ್ಲ, ಕಾರಣ ಇದು. ಹೇಳದ್ದನ್ನು ಸೇರಿಸುವುದೂ ತಪ್ಪು, ಹೇಳಿದ್ದನ್ನು ಬಿಡುವುದೂ ತಪ್ಪು. ಫಿರ್ಯಾದಿಯ ಮಾತನ್ನು ಅವನ ಮಾತಿನಲ್ಲೇ ಬರೆದು ಓದಿ ಹೇಳಿ, ಆಮೇಲೆ ಕಲಂ ಹುಡುಕಬೇಕು. ಆಗುವುದು ಉಲ್ಟಾ.

ಕೊಡಲಿ, ಕುಡುಗೋಲು ಬಳಸಿದ್ದರೆ 118(1) ಎಂಬುದರಲ್ಲಿ ಅನುಮಾನವಿಲ್ಲ. ಕೊಡಲಿಯ ಕಾವಿನಿಂದ ಹೊಡೆದನೋ ಅಲಗಿನಿಂದಲೋ ಎಂದು ಅಂದೇ ಕೇಳಿ ಬರೆಯದಿದ್ದರೆ ವೈದ್ಯರ ಗಾಯದ ಪ್ರಮಾಣಪತ್ರ ಒಂದು ಹೇಳುತ್ತದೆ, ದೂರು ಇನ್ನೊಂದು. ಎಲುಬು ಮುರಿದರೆ 117. ತೀವ್ರ ಗಾಯ ಎನ್ನಲು ಹಳೆಯ ಕಾನೂನಿನಲ್ಲಿ 20 ದಿನದ ನರಳಾಟ ಬೇಕಿತ್ತು, ಈಗ 15. ಹಾಗಾಗಿ ಮೊದಲ ದಿನವೇ "ಸಾದಾ ಗಾಯ" ಎಂದು ರಾಜಿ ಮಾಡಿಸಿ ಕಳಿಸಿದ ಪ್ರಕರಣ ಬಳ್ಳಾರಿಯ ಆಸ್ಪತ್ರೆಯ ಎಕ್ಸ್‌ರೇ ಬಂದಾಗ ಠಾಣೆಯ ಕುತ್ತಿಗೆಗೇ ಬರುತ್ತದೆ. ಎರಡೂ ಕಡೆಯವರು ದೂರು ಕೊಟ್ಟರೆ ಎರಡನ್ನೂ ಬರೆದು, ಒಬ್ಬರೇ ಅಧಿಕಾರಿ ತನಿಖೆ ಮಾಡಬೇಕು. ಎದುರು ಪಾರ್ಟಿಯನ್ನು ಕರೆಸಿ "ನೀನೂ ಒಂದು ಕೊಡು" ಎಂದು ಬರೆಸಿಕೊಂಡು, ಇಬ್ಬರಿಗೂ ಹೆದರಿಕೆ ಹುಟ್ಟಿಸಿ ರಾಜಿಗೆ ತರುವ ಪದ್ಧತಿಯನ್ನು ಜಾಣತನ ಎನ್ನುವವರಿದ್ದಾರೆ. ಹೊಡೆಸಿಕೊಂಡವನನ್ನು ಹೊಡೆದವನ ಸಾಲಿನಲ್ಲಿ ನಿಲ್ಲಿಸುವ ಕೆಲಸ ಅದು.

ರಾಜಿಯೇ ತಪ್ಪಲ್ಲ. ಕಳ್ಳತನದಲ್ಲೂ ಮಾಲೀಕ ಕೋರ್ಟಿನಲ್ಲಿ ರಾಜಿ ಮಾಡಿಕೊಳ್ಳಲು ಬಿಎನ್‌ಎಸ್‌ಎಸ್ ಕಲಂ 359ರಲ್ಲಿ ದಾರಿ ಇದೆ. ಲೋಕ ಅದಾಲತ್ತಿನಲ್ಲಿ ಒಂದೇ ದಿನಕ್ಕೆ ಮುಗಿಸಬಹುದು. ಠಾಣೆಯಲ್ಲಿ ಬಿಳಿ ಹಾಳೆಯ ಮೇಲೆ ಬರೆಸುವ "ಇನ್ನು ಮುಂದೆ ಜಗಳ ಮಾಡುವುದಿಲ್ಲ" ಮುಚ್ಚಳಿಕೆಗೆ ಮಾತ್ರ ಕಾಗದದ ಬೆಲೆಯಷ್ಟೇ ಬೆಲೆ. ಬಲ ಇರುವುದು ಬಿಎನ್‌ಎಸ್‌ಎಸ್ ಕಲಂ 126ರಲ್ಲಿ ತಹಶೀಲ್ದಾರರು ಬರೆಸಿಕೊಳ್ಳುವ ಬಾಂಡಿಗೆ. ಗಡುವು 1 ವರ್ಷದವರೆಗೆ, ಮುರಿದರೆ ಜೈಲು. ಠಾಣೆಯಿಂದ ಹೋಗುವ ಮುಂಜಾಗ್ರತೆಯ ಪಿಎಆರ್ ವರದಿಯಲ್ಲಿ ಯಾವ ತಾರೀಖು, ಯಾವ ಜಾಗ, ಏನು ಅಂದ, ಯಾರು ಕೇಳಿದರು ಎಂಬುದಿಲ್ಲದೆ "ಶಾಂತಿ ಭಂಗ ಆಗುವ ಸಂಭವ" ಎಂದಷ್ಟೇ ಇದ್ದರೆ ತಹಶೀಲ್ದಾರರು ಮುಂದೂಡುತ್ತಾ ಹೋಗುತ್ತಾರೆ. 6 ತಿಂಗಳೊಳಗೆ ವಿಚಾರಣೆ ಮುಗಿಯದಿದ್ದರೆ ಸಾಮಾನ್ಯವಾಗಿ ಅದು ತಾನೇ ಬಿದ್ದುಹೋಗುತ್ತದೆ. ಮೊಹರಂ, ಗಣೇಶನ ಹಬ್ಬ, ಜಾತ್ರೆ, ಪಂಚಾಯಿತಿ ಚುನಾವಣೆ ಬರುವ ಒಂದು ತಿಂಗಳ ಮುಂಚೆ ಕಳಿಸಿದರೆ ಪ್ರಯೋಜನ. ಹಬ್ಬದ ಹಿಂದಿನ ದಿನ ಕಳಿಸಿದ ಪಟ್ಟಿ ಮೇಲಿನವರಿಗೆ ತೋರಿಸುವ ಪಟ್ಟಿ.

ವಿವೇಚನೆ ಕೂದಲೆಳೆಯಷ್ಟೂ ಇಲ್ಲದ ಜಾಗಗಳಿವೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕಲಂ 18ಎ ಪ್ರಕಾರ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ತನಿಖೆ ಡಿವೈಎಸ್‌ಪಿ ದರ್ಜೆಯವರದೇ, 60 ದಿನದ ಗಡುವು. ಜಾತಿ ಪ್ರಮಾಣಪತ್ರ ತಂದ ಮೇಲೆ ಬರೆಯೋಣ ಎನ್ನುವುದು, ಮೊದಲು 115, 352 ಹಾಕಿ "ಸಾದಾ ಗಲಾಟೆ" ಮಾಡುವುದು ಕರ್ತವ್ಯಲೋಪ. ಅದಕ್ಕೆ ಕಲಂ 4ರಲ್ಲಿ ಅಧಿಕಾರಿಗೇ 6 ತಿಂಗಳಿಂದ 1 ವರ್ಷದ ಶಿಕ್ಷೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ಸಿನಿಮಾ ಟಿಕೆಟ್ಟಿನ ಜಗಳ ದಲಿತರ ಮನೆಗಳಿಗೆ ಬೆಂಕಿ ಬೀಳುವ ತನಕ ಹೋಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತ ಮಗು ಗುಡಿಯೊಳಗೆ ಹೋದದ್ದಕ್ಕೆ ಊರಿನ ಹಿರಿಯರು ದಂಡ ಹೇರಿದ್ದರು. ಊರಲ್ಲೇ ಬಗೆಹರಿಸಿಕೊಳ್ಳುತ್ತೇವೆ ಎಂಬ ಮಾತಿಗೆ ಇಂಥ ಕಡೆ ಅರ್ಥ ಬೇರೆ. ಬಗೆಹರಿಸುವ ಕಟ್ಟೆಯ ಮೇಲೆ ಕೂತವರು ಯಾರು ಎಂದು ಮೊದಲು ನೋಡಬೇಕು. ಬಾಲ್ಯವಿವಾಹ, ಪೋಕ್ಸೊ, ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳ ಅಸಹಜ ಸಾವು ಕೂಡ ಇದೇ ಸಾಲಿಗೆ. ಅಲ್ಲಿ ಊರ ಹಿರಿಯರ ಮಾತು ಸಾಕ್ಷ್ಯ ಆಗಬಹುದು, ತೀರ್ಪು ಆಗಲಾರದು.

ರೈತನ ಆತ್ಮಹತ್ಯೆಯ ಯುಡಿಆರ್ (ಅಸಹಜ ಸಾವಿನ ವರದಿ) ಬರೆಯುವ ಸಾಲಿನಲ್ಲೂ ಒಂದು ಸೂಕ್ಷ್ಮ ಇದೆ. "ಹೊಟ್ಟೆನೋವು ತಾಳಲಾರದೆ", "ಜೀವನದಲ್ಲಿ ಜಿಗುಪ್ಸೆಗೊಂಡು" ಎಂಬ ಸಿದ್ಧ ಸಾಲುಗಳು ಕೈಯಲ್ಲೇ ಇರುತ್ತವೆ. ಸಾಲದ ಮಾತನ್ನು ಹೆಂಡತಿ ಹೇಳಿದ್ದರೂ ಆ ಸಿದ್ಧ ಸಾಲು ಬಿದ್ದರೆ, ಉಪವಿಭಾಗಾಧಿಕಾರಿ ಸಮಿತಿಯ ಮುಂದೆ 5 ಲಕ್ಷದ ಪರಿಹಾರದ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ. ಯಾವ ಬ್ಯಾಂಕು, ಯಾವ ಸಂಘ, ಎಷ್ಟು, ಯಾರ ಕೈಸಾಲ ಎಂದು ಶವದ ಮುಂದೆ ಕೂತವಳನ್ನು ಕೇಳುವುದು ಕ್ರೌರ್ಯ ಅನ್ನಿಸಬಹುದು. ಎರಡು ದಿನ ಬಿಟ್ಟು ಪೂರಕ ಹೇಳಿಕೆ ಪಡೆಯಲು ಯಾರೂ ಅಡ್ಡಬರುವುದಿಲ್ಲ.

ಮಟ್ಕಾ, ಇಸ್ಪೀಟು, ಪಾನ್ ಅಂಗಡಿಯ 90 ಮಿ.ಲೀ. ಪ್ಯಾಕೆಟ್ಟು, ಇವು ಲೆಕ್ಕ ತುಂಬಿಸಲು ಹುಟ್ಟಿದ ಪ್ರಕರಣಗಳು ಎಂದರೆ ಪೊಲೀಸರೇ ನಗುತ್ತಾರೆ. ಚೀಟಿ ಬರೆಯುವ ಬಡಪಾಯಿ ಸಿಗುತ್ತಾನೆ, ಪಟ್ಟಿ ಪಡೆಯುವ ಬುಕ್ಕಿ ಸಿಗುವುದಿಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯ 78(3) ಅಸಂಜ್ಞೇಯವಾದ್ದರಿಂದ ದಾಳಿಗೆ ಮುಂಚೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪಿಎಸ್‌ಐ ಕೊಟ್ಟ ಮನವಿಯ ಅಂಚಿನಲ್ಲಿ "ಅನುಮತಿಸಿದೆ" ಎಂದು ಒಂದೇ ಪದ ಬರೆಸಿಕೊಂಡು ಬಂದದ್ದನ್ನು ಕಲಬುರಗಿಯ ಹೈಕೋರ್ಟ್ ಪೀಠ ಒಪ್ಪದೆ ಪ್ರಕರಣಗಳನ್ನು ರದ್ದು ಮಾಡಿದ್ದಿದೆ. ಮರಳಿನದು ಬೇರೆ ಕತೆ. ತುಂಗಭದ್ರೆ, ಕೃಷ್ಣೆಯ ದಂಡೆಯ ಟ್ರ್ಯಾಕ್ಟರು, ಟಿಪ್ಪರುಗಳ ಮೇಲೆ ಪೊಲೀಸರು ಕಳ್ಳತನದ ಎಫ್‌ಐಆರ್ ಮಾಡಬಹುದು, ಆದರೆ ಗಣಿ ಕಾಯ್ದೆಯ ಅಪರಾಧಕ್ಕೆ ಅಧಿಕಾರ ಪಡೆದ ಅಧಿಕಾರಿಯೇ ಕೋರ್ಟಿಗೆ ದೂರು ಹಾಕಬೇಕು. ಸ್ವಂತ ಮನೆಗೆ ಬಂಡಿಯಲ್ಲಿ ಮರಳು ತಂದವನನ್ನೂ ರಾತ್ರಿ ಸಾಲುಗಟ್ಟಿ ಹೋಗುವ ಟಿಪ್ಪರನ್ನೂ ಒಂದೇ ಕಣ್ಣಿನಿಂದ ನೋಡುವುದನ್ನು ಸಮಾನತೆ ಎನ್ನಲಾಗದು.

ಎಫ್‌ಐಆರ್ ಆಗದ ಅರ್ಜಿಗೆ ಠಾಣೆಯ ಲಿಖಿತ ಉತ್ತರವಾದ ಹಿಂಬರಹ ಸಿಗಬೇಕು. ಅದರಲ್ಲಿ ಅರ್ಜಿ ನಂಬರ್, ತಾರೀಖು, ಯಾರನ್ನು ವಿಚಾರಿಸಿದರು, ಯಾಕೆ ಇದು ಸಂಜ್ಞೇಯ ಅಲ್ಲ ಅಥವಾ ಸಿವಿಲ್ ಎಂದು ತೀರ್ಮಾನಿಸಿದರು, ಮುಂದೆ ಎಲ್ಲಿಗೆ ಹೋಗಬೇಕು, ಸಹಿ, ಸೀಲು ಇರಬೇಕು. "ವಿಚಾರಣೆ ಮಾಡಿ ತಿಳಿವಳಿಕೆ ನೀಡಿ ಕಳುಹಿಸಲಾಗಿದೆ" ಎಂಬ ಒಂದೇ ಸಾಲಿನ ಹಿಂಬರಹವನ್ನು ತೆಗೆದುಕೊಳ್ಳದೆ ಕಾರಣ ಬರೆಸಿಕೊಳ್ಳಿ. ದೂರು ತೆಗೆದುಕೊಳ್ಳಲೇ ಇಲ್ಲವಾದರೆ ಕಲಂ 173(4)ರಂತೆ ದೂರಿನ ಸಾರಾಂಶವನ್ನು ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ ರಸೀದಿ ಇಟ್ಟುಕೊಳ್ಳಿ. ಆಮೇಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಆ ರಸೀದಿಯೇ ಮೊದಲ ದಾಖಲೆ. 112ಕ್ಕೆ ಫೋನ್ ಮಾಡಿದ್ದರೆ ಅದರ ಹೊತ್ತು, ತಾರೀಖನ್ನೂ ಬರೆದಿಡಿ. ಪಹಣಿ, ಪಾಸ್‌ಬುಕ್ ಇಡುವ ಪ್ಲಾಸ್ಟಿಕ್ ಚೀಲದಲ್ಲೇ ಈ ಹಾಳೆಗಳೂ ಇರಲಿ. ಸಾಹೇಬರು ವರ್ಗವಾಗಿ ಹೊಸಬರು ಬಂದಾಗ ಠಾಣೆಯ ಕಪಾಟಿಗಿಂತ ಆ ಚೀಲದಲ್ಲೇ ಬೇಗ ಸಿಗುತ್ತವೆ.